ಹಾಕಿಕೊಂಡೇ ಮಲಗುವ ಸಾಫ್ಟ್ ಲೆನ್ಸ್: ಡಿಕೆ/ಟಿ ನಂಬರ್ ನೋಡಿ ಆರಿಸಿದರೆ ಸಾಕಾ?

ಮೈನಸ್ ಐದೂವರೆ

ಎರಡೂ ಕಣ್ಣಿಗೆ -5.50, ಸಿಲಿಂಡರ್ ಇಲ್ಲ. ರಾತ್ರಿ ಪಾಳಿ ಇರೋ ವಾರಗಳಲ್ಲಿ ತೆಗೆದು ಹಾಕೋ ರಗಳೆ ಇಲ್ಲದ, ಹಾಕ್ಕೊಂಡೇ ಮಲಗಬಹುದಾದ ಲೆನ್ಸ್ ಬೇಕು. ಸದ್ಯಕ್ಕೆ ಮೂರು ಪಟ್ಟಿಯಲ್ಲಿವೆ. ನೈಟ್ ಅಂಡ್ ಡೇ: ಡಿಕೆ/ಟಿ (ಲೆನ್ಸ್ ಎಷ್ಟು ಆಕ್ಸಿಜನ್ ಬಿಡುತ್ತೆ ಅನ್ನೋ ಅಳತೆ) 175, ನೀರು 24%. ಬಯೋಫಿನಿಟಿ: 160, ನೀರು 48%. ಅಕ್ಯುವ್ಯೂ ಒಯಾಸಿಸ್: 147, ನೀರು 38%. ದೊಡ್ಡ ನಂಬರಿನದನ್ನು ತಗೊಂಡ್ರೆ ಮುಗೀತಾ? ಹಾಗಾದ್ರೆ ನೀರು ಎಲ್ಲಕ್ಕಿಂತ ಕಮ್ಮಿ ಇರೋದಕ್ಕೇ ಆಕ್ಸಿಜನ್ ಯಾಕೆ ಎಲ್ಲಕ್ಕಿಂತ ಜಾಸ್ತಿ?

ಜೆಲ್ ಮೇಷ್ಟ್ರು

ಮೊದಲು ನಂಬರಿನ ಅರ್ಥ. ಡಿಕೆ ಅನ್ನುವುದು ವಸ್ತುವಿನ ಗುಣ: ಅದರೊಳಗೆ ಆಮ್ಲಜನಕ ಎಷ್ಟು ಕರಗುತ್ತದೆ, ಎಷ್ಟು ಬೇಗ ಹಾಯುತ್ತದೆ ಎಂಬ ಎರಡರ ಗುಣಲಬ್ಧ. ಟಿ ಅಂದರೆ ಲೆನ್ಸಿನ ದಪ್ಪ. ಡಿಕೆಯನ್ನು 10⁻¹¹ರ ಲೆಕ್ಕದಲ್ಲಿ, ಡಿಕೆ/ಟಿಯನ್ನು 10⁻⁹ರ ಲೆಕ್ಕದಲ್ಲಿ ಹೇಳುವುದು ರೂಢಿ. ಬಯೋಫಿನಿಟಿಯ ವಸ್ತು ಕಾಮ್‌ಫಿಲ್ಕಾನ್ ಎ, ಅದರ ಡಿಕೆ 128. ಮಧ್ಯದ ದಪ್ಪ 0.08 ಮಿಲಿಮೀಟರ್, ಅಂದರೆ 0.008 ಸೆಂಟಿಮೀಟರ್. 128×10⁻¹¹ ಅನ್ನು 0.008ರಿಂದ ಭಾಗಿಸಿದರೆ 160×10⁻⁹. ಪಟ್ಟಿಯ 160 ಅದೇ.

ಈ ಸಂಖ್ಯೆ ಎಷ್ಟಿದ್ದರೆ ಸಾಕು ಎಂಬುದಕ್ಕೂ ಲೆಕ್ಕ ಇದೆ. ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ರಕ್ತನಾಳ ಇಲ್ಲ, ಅದರ ಆಮ್ಲಜನಕ ಕಣ್ಣೀರಿನಲ್ಲಿ ಕರಗಿ ಹೊರಗಿನಿಂದಲೇ ಬರಬೇಕು. ಕಣ್ಣು ತೆರೆದಿದ್ದಾಗ ಸಮುದ್ರಮಟ್ಟದಲ್ಲಿ ಆಮ್ಲಜನಕದ ಒತ್ತಡ ಸುಮಾರು 155 ಮಿಮೀ ಪಾದರಸ. ಮುಚ್ಚಿದಾಗ ರೆಪ್ಪೆಯ ಒಳಪೊರೆಯಿಂದ ಸಿಗುವುದು ಬರೀ 55-60. ಲೆನ್ಸ್ ಇಲ್ಲದೆ ಮಲಗಿದ ಕಾರ್ನಿಯಾ ಕೂಡ ಬೆಳಗ್ಗೆ 3-4% ಊದಿಕೊಂಡಿರುತ್ತದೆ. ಅದಕ್ಕಿಂತ ಹೆಚ್ಚು ಊದದಿರಲು 87 ಬೇಕು, ಹಗಲಿಗಾದರೆ 24 ಸಾಕು ಎಂದು 1984ರಲ್ಲಿ ಹೋಲ್ಡನ್ ಮತ್ತು ಮರ್ಟ್ಜ್ ತೋರಿಸಿದರು. 1999ರಲ್ಲಿ ಹಾರ್ವಿಟ್ ಮತ್ತು ಬೊನಾನೊ ಲೆಕ್ಕವನ್ನು ಬಿಗಿ ಮಾಡಿ 125 ಮತ್ತು 35 ಎಂದರು. ನಿಮ್ಮ ಮೂರೂ 125 ದಾಟಿವೆ. ದಾಟಿದ ಮೇಲೆ 147ಕ್ಕೂ 175ಕ್ಕೂ ಕಣ್ಣಿಗೆ ಗೊತ್ತಾಗುವಂಥ ವ್ಯತ್ಯಾಸ ಏನೂ ಉಳಿಯುವುದಿಲ್ಲ.

ಒಂದು ಎಚ್ಚರ: ಪಟ್ಟಿಯಲ್ಲಿ ಅಚ್ಚಾಗುವುದು -3.00 ಪವರಿನ ಲೆನ್ಸಿನ ನಟ್ಟನಡುವಿನ ಅಂಕಿ. ಮೈನಸ್ ಲೆನ್ಸ್ ಅಂಚಿನ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. -5.50ರಲ್ಲಿ ಅಂಚಿನ ಹತ್ತಿರ ಸಿಗುವುದು ಪಟ್ಟಿಯಲ್ಲಿರುವುದಕ್ಕಿಂತ ಸಾಕಷ್ಟು ಕಡಿಮೆ.

ಹುಬ್ಬಳ್ಳಿ ಚಾಳೀಸು

ಅಲ್ರೀ ಮೇಷ್ಟ್ರೆ, ನೀರಿನ ಪರ್ಸೆಂಟ್ ಜಾಸ್ತಿ ಇದ್ರ ಕಣ್ಣು ತಂಪಿರ್ತದ ಅಂತ ಎಲ್ಲಾ ಅಂಗಡ್ಯಾಗೂ ಹೇಳ್ತಾರ. 24 ಪರ್ಸೆಂಟಿಂದು ಒಣಾ ಒಣಾ ಅನಸೂದಿಲ್ಲೇನು?

ಜೆಲ್ ಮೇಷ್ಟ್ರು

ಆ ಮಾತು ಹಳೇ ಹೈಡ್ರೋಜೆಲ್ (ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್) ಕಾಲದ್ದು, ಆಗ ಅರ್ಧ ನಿಜವಾಗಿತ್ತು.

ಪ್ರಾಗ್‌ನಲ್ಲಿ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ತಯಾರಿಸಿದ ಜೆಲ್ ಪಾಲಿ-ಹೀಮಾ, ಅದರಲ್ಲಿ 38% ನೀರು. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮನೆಯಲ್ಲೇ ಮಕ್ಕಳ ಮೆರ್ಕುರ್ ಜೋಡಣೆ ಆಟಿಕೆಯಿಂದ ಯಂತ್ರ ಕಟ್ಟಿ, ತಿರುಗುವ ಅಚ್ಚಿನಲ್ಲಿ ಲೆನ್ಸ್ ಎರಕ ಹೊಯ್ದರು. ಅಮೆರಿಕದಲ್ಲಿ ಇದೇ ವಸ್ತುವಿನ ಬಾಶ್ ಅಂಡ್ ಲಾಂಬ್ ಲೆನ್ಸಿಗೆ 1971ರಲ್ಲಿ ಅನುಮತಿ ಸಿಕ್ಕಿತು. ಈ ಜಾತಿಯ ಜೆಲ್‌ನಲ್ಲಿ ಆಮ್ಲಜನಕ ಹಾಯುವುದು ನೀರಿನ ಮೂಲಕ ಮಾತ್ರ. ಪಾಲಿ-ಹೀಮಾದ ಡಿಕೆ ಸುಮಾರು 8. ಅದರಿಂದ ರಾತ್ರಿಗೆ ಬೇಕಾದ 87 ಮುಟ್ಟಬೇಕಾದರೆ ಲೆನ್ಸ್ 0.009 ಮಿಮೀ ದಪ್ಪ ಇರಬೇಕಾಗುತ್ತದೆ, ಬೆರಳಲ್ಲಿ ಎತ್ತುವುದಕ್ಕೇ ಆಗದಷ್ಟು ತೆಳು.

ಸರಿ, ನೀರು ಹೆಚ್ಚಿಸೋಣ ಅಂದರೆ? 75% ನೀರಿನ ಜೆಲ್‌ನ ಡಿಕೆ ಸುಮಾರು 33. ಅದನ್ನು 0.038 ಮಿಮೀಗೆ ಇಳಿಸಿದರೆ ಕಾಗದದ ಮೇಲೆ 87 ಬರುತ್ತದೆ. ಆದರೆ ಅಷ್ಟು ನೀರಿನ ಅಷ್ಟು ತೆಳು ಲೆನ್ಸ್ ಹೊರಮೈಯಿಂದ ನೀರು ಆರಿದಂತೆಲ್ಲ ಕಣ್ಣಿನ ಕಡೆಯಿಂದ ನೀರು ಎಳೆದುಕೊಳ್ಳುತ್ತದೆ. ಕಾರ್ನಿಯಾದ ಮೇಲ್ಪದರವೇ ಒಣಗಿ ಚುಕ್ಕಿಚುಕ್ಕಿಯಾಗಿ ಹಾಳಾಗುತ್ತದೆ, ಫ್ಲೋರೆಸೀನ್ ಎಂಬ ಬಣ್ಣ ಹಾಕಿದರೆ ಹಸಿರಾಗಿ ಕಾಣುತ್ತದೆ. ಶುದ್ಧ ನೀರಿನ ಡಿಕೆಯೇ 80ರ ಆಸುಪಾಸು. ನೀರನ್ನು ನಂಬಿಕೊಂಡು ಇದಕ್ಕಿಂತ ಮುಂದೆ ಹೋಗುವ ದಾರಿಯೇ ಇಲ್ಲ.

ಸಿಲಿಕೋನ್ ಹೈಡ್ರೋಜೆಲ್ ಬಂದಿದ್ದು 1999ರ ಹೊತ್ತಿಗೆ. ನಿಮ್ಮ ಪಟ್ಟಿಯ ಮೂರೂ ಇದೇ ಜಾತಿ. ಸಿಲಿಕಾನ್-ಆಕ್ಸಿಜನ್ ಸರಪಳಿ ಬಹಳ ಸಡಿಲ, ಆಮ್ಲಜನಕ ಅದರೊಳಗೆ ಸಲೀಸಾಗಿ ಕರಗಿ ನುಸುಳುತ್ತದೆ. ಇಲ್ಲಿ ನೀರಿನ ಕೆಲಸ ಬೇರೆ, ಆಮ್ಲಜನಕದ ಸಾಗಾಣಿಕೆ ಅಲ್ಲ. ಹಾಗಾಗಿ ನೀರು ಹೆಚ್ಚಾದಷ್ಟೂ ಸಿಲಿಕೋನಿನ ಪಾಲು ಇಳಿದು ಡಿಕೆಯೂ ಇಳಿಯಿತು. ನೈಟ್ ಅಂಡ್ ಡೇಯ ಲೊಟ್ರಾಫಿಲ್ಕಾನ್ ಎ: 24% ನೀರು, ಡಿಕೆ 140. ಇದೇ ಜಾತಿಯ ಇನ್ನೊಂದು ವಸ್ತು ಗ್ಯಾಲಿಫಿಲ್ಕಾನ್ ಎ: 47%, ಡಿಕೆ 60. ಈ ಸಾಲನ್ನು ಮುರಿದದ್ದು ಕಾಮ್‌ಫಿಲ್ಕಾನ್ ಎ, 48% ನೀರಿದ್ದೂ 128. ಉದ್ದ ಸರಪಳಿಯ ಸಿಲಾಕ್ಸೇನ್ (ಆ ಸಿಲಿಕಾನ್-ಆಕ್ಸಿಜನ್ ಸರಪಳಿಯ ಅಣು) ಬಳಸಿದ್ದರಿಂದ ಕಡಿಮೆ ಸಿಲಿಕೋನಿನಲ್ಲೇ ಅಷ್ಟು ಆಮ್ಲಜನಕ ಹಾಯುತ್ತದೆ.

ಹಾಗಾದರೆ ನೀರೇ ಯಾಕೆ ಬೇಕು, ಪೂರ್ತಿ ಸಿಲಿಕೋನಿನಲ್ಲೇ ಮಾಡಬಾರದೇ? ಮಾಡಿದ್ದಾರೆ. ಎಲಾಸ್ಟೊಫಿಲ್ಕಾನ್ ಎಂಬುದರ ಡಿಕೆ 340. ಕಣ್ಣಿನ ಪೊರೆ ತೆಗೆದ ಎಳೆ ಮಕ್ಕಳಿಗೆ ಅದನ್ನು ಹಾಕುತ್ತಾ ಬಂದಿದ್ದಾರೆ. ಎಲ್ಲರಿಗೂ ಆಗಿಬರುವುದಿಲ್ಲ: ನೀರು, ಸೋಡಿಯಂ ಅಯಾನು ಅದರೊಳಗೆ ಹಾಯುವುದಿಲ್ಲ, ಆಗ ಲೆನ್ಸಿನ ಹಿಂದಿನ ಕಣ್ಣೀರಿನ ಪದರ ಹಿಂಡಿಹೋಗಿ ಲೆನ್ಸ್ ಕಾರ್ನಿಯಾಕ್ಕೆ ಕಚ್ಚಿಕೊಳ್ಳುತ್ತದೆ. ಮೈ ಜಿಡ್ಡನ್ನೂ ಎಳೆದುಕೊಳ್ಳುತ್ತದೆ. ಸಿಲಿಕೋನ್ ಹೈಡ್ರೋಜೆಲ್‌ನ ಜಾಣ್ಮೆ ಇರುವುದು ಇಲ್ಲಿ: ಒಂದೇ ವಸ್ತುವಿನೊಳಗೆ ಎರಡು ಜಾಲ ಹೆಣೆದುಕೊಂಡಿರುತ್ತವೆ, ಆಮ್ಲಜನಕ ಒಂದರಲ್ಲಿ ಹೋಗುತ್ತದೆ, ನೀರು ಮತ್ತು ಅಯಾನು ಇನ್ನೊಂದರಲ್ಲಿ. ರೆಪ್ಪೆ ಬಡಿದಾಗ ಲೆನ್ಸ್ ಜಾರುವುದು ಈ ಎರಡನೆಯ ಜಾಲದ ದಯೆಯಿಂದ.

ಸ್ಲಿಟ್‌ಲ್ಯಾಂಪ್

ಮೇಷ್ಟ್ರು ರಸಾಯನಶಾಸ್ತ್ರ ಮುಗಿಸಲಿ ಅಂತ ಕಾಯ್ತಿದ್ದೆ. ಕಣ್ಣಿನ ಮೇಲೆ ಕೂರಿಸಿ ನೋಡಿದರೆ ಡಿಕೆ/ಟಿಗಿಂತ ಮೊದಲು ಎದ್ದು ಕಾಣೋದು ಗಡಸುತನ, ಅಂದ್ರೆ ಮಾಡ್ಯುಲಸ್. ಹಳೇ ಪಾಲಿ-ಹೀಮಾ ಸುಮಾರು 0.5 ಮೆಗಾಪ್ಯಾಸ್ಕಲ್. ನೈಟ್ ಅಂಡ್ ಡೇ ಸುಮಾರು 1.4, ಒಯಾಸಿಸ್ 0.7, ಬಯೋಫಿನಿಟಿ 0.75ರ ಆಸುಪಾಸು. ಗಡಸು ಲೆನ್ಸ್ ಬೆರಳ ತುದಿಯಲ್ಲಿ ಬಟ್ಟಲಿನ ಆಕಾರ ಬಿಡದೆ ನಿಲ್ಲುತ್ತೆ, ಹಾಕೋಕೆ ಸುಲಭ. ಆದರೆ ಕಣ್ಣಿನ ಆಕಾರಕ್ಕೆ ಬಗ್ಗೋದಿಲ್ಲ. ಅದರಿಂದ ಬರೋ ತೊಂದರೆ ಮೂರು:

ಮೇಲಿನ ರೆಪ್ಪೆಯ ಅಡಿಯಲ್ಲಿ, ಕಾರ್ನಿಯಾದ ಅಂಚಿಗೆ ಸಮಾನಾಂತರವಾಗಿ, ಬಿಲ್ಲಿನಂತೆ ಒಂದು ಗೀರು ಬೀಳುತ್ತೆ. ಎಷ್ಟೋ ಸಲ ನೋವೇ ಇರಲ್ಲ. ರೆಪ್ಪೆ ಎತ್ತಿ ನೋಡದಿದ್ದರೆ ಡಾಕ್ಟರಿಗೂ ಕಾಣಲ್ಲ.

ರೆಪ್ಪೆಯ ಒಳಮೈಯಲ್ಲಿ ಗುಳ್ಳೆ ಏಳುತ್ತೆ. ತುರಿಕೆ, ದಾರದಂಥ ಲೋಳೆ. ಲೆನ್ಸ್ ಮೇಲಕ್ಕೆ ಜಾರಿ ಹೋಗೋಕೆ ಶುರುವಾಯ್ತು ಅಂದ್ರೆ ಗುಳ್ಳೆ ದೊಡ್ಡದಾಗಿವೆ ಅಂತ.

ಮೂರನೇದು ಲೋಳೆಯ ಉಂಡೆ. ಲೆನ್ಸಿನ ಹಿಂದೆ ಸಣ್ಣ ಮಣಿಗಳಂತೆ ಸೇರಿಕೊಳ್ಳುತ್ತೆ, ಲೆನ್ಸ್ ತೆಗೆದ ಮೇಲೆ ಕಾರ್ನಿಯಾದ ಮೇಲೆ ಅದರ ಗುಳಿ ಕಾಣುತ್ತೆ. ನೋಡೋಕೆ ಭಯ ಆಗುತ್ತೆ, ಆದರೆ ಸೋಂಕಲ್ಲ, ಗುಳಿ ತಾನಾಗಿ ತುಂಬಿಕೊಳ್ಳುತ್ತೆ.

ಗಡಸು ಲೆನ್ಸಿಗೆ ಬೇಸ್ ಕರ್ವ್ (ಲೆನ್ಸಿನ ಒಳಮೈಯ ಬಾಗು, ಸಂಖ್ಯೆ ಚಿಕ್ಕದಾದಷ್ಟೂ ಬಾಗು ಜಾಸ್ತಿ) ಸರಿಯಾಗಿರಲೇಬೇಕು. ನೈಟ್ ಅಂಡ್ ಡೇ 8.4 ಮತ್ತು 8.6 ಎರಡರಲ್ಲೂ ಬರುತ್ತೆ. 8.6 ಹಾಕಿದಾಗ ಅಂಚು ಮೇಲೆದ್ದು ನೆರಿಗೆ ಕಟ್ಟಿದರೆ, ಕೆಳರೆಪ್ಪೆಗೆ ಏನೋ ತಾಗಿದ ಹಾಗೆ ಆಗುತ್ತಿದ್ದರೆ 8.4ಕ್ಕೆ ಹೋಗಿ. 'ಎರಡು ದಿನ ಹಾಕಿ, ಅಭ್ಯಾಸ ಆಗುತ್ತೆ' ಅನ್ನೋ ಮಾತನ್ನ ಈ ವಿಷಯದಲ್ಲಿ ನಂಬಬೇಡಿ, ಎದ್ದ ಅಂಚು ತಾನಾಗಿ ಕೂರಲ್ಲ. ಒಯಾಸಿಸ್‌ನಲ್ಲಿ 8.4, 8.8 ಇದೆ. ಬಯೋಫಿನಿಟಿ 8.6 ಒಂದೇ, ಮೃದು ಆದ್ದರಿಂದ ಹೆಚ್ಚಿನವರಿಗೆ ಹೊಂದುತ್ತೆ.

ನನ್ನ ಆಯ್ಕೆ ಕೇಳಿದರೆ -5.50ಕ್ಕೆ ಬಯೋಫಿನಿಟಿ ಅಥವಾ ಒಯಾಸಿಸ್. 175 ಅನ್ನೋ ಆಸೆಗೆ ಎರಡರಷ್ಟು ಗಡಸು ಲೆನ್ಸ್ ತಗೊಳ್ಳೋ ಅಗತ್ಯ ಇಲ್ಲ.

ಮೈನಸ್ ಐದೂವರೆ

ಡೈಲೀಸ್ ಟೋಟಲ್ ಒನ್ ತುಂಬ ಹಿತ, ಹಾಕಿದ್ದೇ ಗೊತ್ತಾಗಲ್ಲ ಅಂತಾರೆ. ಡಿಕೆ/ಟಿ 156 ಇದೆ. ಅದರಲ್ಲೇ ಮಲಗಬಹುದಲ್ವಾ?

ಜೆಲ್ ಮೇಷ್ಟ್ರು

ಇಲ್ಲ. ಅದು ದಿನದ ಕೊನೆಗೆ ಬಿಸಾಡಲೆಂದು ಮಾಡಿದ್ದು, ನಿದ್ದೆಗೆ ಅನುಮತಿ ಇಲ್ಲ. ಆದರೂ ಅದು ಯಾಕೆ ಹಿತ ಎಂಬುದು ತಿಳಿಯಬೇಕಾದ್ದೇ. ಹಿತಕ್ಕೂ ಆಮ್ಲಜನಕಕ್ಕೂ ಹೆಚ್ಚು ಸಂಬಂಧವಿಲ್ಲ. ರೆಪ್ಪೆಯ ಅಂಚು ದಿನಕ್ಕೆ ಸಾವಿರಾರು ಸಲ ಲೆನ್ಸಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಅಲ್ಲಿ ಘರ್ಷಣೆ ಎಷ್ಟು, ಕಣ್ಣೀರಿನ ಪದರ ಎಷ್ಟು ಹೊತ್ತು ಒಡೆಯದೆ ನಿಲ್ಲುತ್ತದೆ ಎಂಬುದರ ಮೇಲೆ ಸಂಜೆಯ ಕಿರಿಕಿರಿ ನಿರ್ಧಾರವಾಗುತ್ತದೆ.

ಸಿಲಿಕೋನಿಗೆ ನೀರು ಕಂಡರೆ ಆಗದು. ಬಿಟ್ಟರೆ ಅದರ ಸರಪಳಿಗಳು ಹೊರಮೈಗೆ ತಿರುಗಿ ಕೂರುತ್ತವೆ, ಕಣ್ಣೀರು ಹನಿಹನಿಯಾಗಿ ಒಡೆಯುತ್ತದೆ. ಇದನ್ನು ತಡೆಯಲು ಒಬ್ಬೊಬ್ಬರದು ಒಂದೊಂದು ದಾರಿ. ಲೊಟ್ರಾಫಿಲ್ಕಾನ್ ಎ ಮೇಲೆ ಪ್ಲಾಸ್ಮಾದಿಂದ (ವಿದ್ಯುದಾವೇಶಗೊಂಡ ಅನಿಲ) ಸುಮಾರು 25 ನ್ಯಾನೊಮೀಟರ್ ದಪ್ಪದ ಅಖಂಡ ಲೇಪ. ಪ್ಯೂರ್‌ವಿಷನ್ ಎಂಬ ಇನ್ನೊಂದು ಲೆನ್ಸಿನ ಬಾಲಾಫಿಲ್ಕಾನ್ ಎ ಮೇಲೂ ಪ್ಲಾಸ್ಮಾ ಹಾಯಿಸುತ್ತಾರೆ, ಆದರೆ ಅಲ್ಲಿ ಲೇಪ ಆಗುವುದಿಲ್ಲ, ಹೊರಮೈಯ ಸಿಲಿಕೋನೇ ಗಾಜಿನಂಥ ಸಿಲಿಕೇಟ್ ದ್ವೀಪಗಳಾಗಿ ಮಾರ್ಪಡುತ್ತದೆ, ನಡುವಿನ ಜಾಗವನ್ನು ಕಣ್ಣೀರು ತುಂಬಿಕೊಳ್ಳುತ್ತದೆ. ಒಯಾಸಿಸ್‌ನ ಸೆನೊಫಿಲ್ಕಾನ್ ಎ ಲೇಪವೇ ಇಲ್ಲದೆ, ಪಿವಿಪಿ ಎಂಬ ನೀರುಪ್ರಿಯ ಪಾಲಿಮರನ್ನು ಜೆಲ್‌ನೊಳಗೇ ಸೇರಿಸಿಕೊಂಡಿದೆ. ಕಾಮ್‌ಫಿಲ್ಕಾನ್‌ಗೆ ಲೇಪವೂ ಇಲ್ಲ, ಪಿವಿಪಿಯೂ ಇಲ್ಲ. ಟೋಟಲ್ ಒನ್‌ನ ಡೆಲಿಫಿಲ್ಕಾನ್ ಎ ಒಳಗೆ 33% ನೀರಿನ ಸಿಲಿಕೋನ್, ಎರಡೂ ಮೈ ಮೇಲೆ ಕೆಲವೇ ಮೈಕ್ರೊಮೀಟರ್ ದಪ್ಪಕ್ಕೆ 80%ಕ್ಕೂ ಹೆಚ್ಚು ನೀರಿನ ಮೆತ್ತನೆ ಜೆಲ್. ರೆಪ್ಪೆಗೆ ಸಿಗುವುದು ಆ ಮೆತ್ತನೆಯ ಮೈ ಮಾತ್ರ. ಹುಬ್ಬಳ್ಳಿಯವರು ಕೇಳಿದ್ದಕ್ಕೂ ಇದೇ ಉತ್ತರ: ನೀರು ಎಷ್ಟಿದೆ ಅನ್ನುವುದಕ್ಕಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ.

ಕಲ್ಚರ್ ಪ್ಲೇಟ್

ಇಷ್ಟು ಹೊತ್ತು ಯಾರೂ ಸೋಂಕಿನ ಮಾತೇ ಎತ್ತಿಲ್ಲ.

ಅಮೆರಿಕದಲ್ಲಿ 1981ರಲ್ಲಿ ಹಳೇ ಹೈಡ್ರೋಜೆಲ್‌ಗೆ 30 ದಿನ ಸತತ ಬಳಕೆಯ ಅನುಮತಿ ಕೊಟ್ಟರು. 1989ರ ಅಧ್ಯಯನದಲ್ಲಿ ಅಲ್ಸರ್ (ಸೋಂಕಿನಿಂದ ಕಾರ್ನಿಯಾದಲ್ಲಿ ಆಗುವ ಹುಣ್ಣು) ಪ್ರಮಾಣ ವರ್ಷಕ್ಕೆ 10,000 ಜನರಲ್ಲಿ ಹಗಲು ಮಾತ್ರ ಹಾಕುವವರಿಗೆ 4.1, ಮಲಗುವವರಿಗೆ 20.9 ಎಂದು ಬಂತು. ಅದೇ ವರ್ಷ ಅನುಮತಿಯನ್ನು 7 ದಿನಕ್ಕೆ ಇಳಿಸಿದರು. ಎಲ್ಲರೂ ಆಮ್ಲಜನಕದ ಕೊರತೆಯನ್ನೇ ದೂರಿದರು. ಸಿಲಿಕೋನ್ ಬಂತು, ಕೊರತೆ ನೀಗಿತು, 2001ರಲ್ಲಿ ಮತ್ತೆ 30 ರಾತ್ರಿಯ ಅನುಮತಿ ಸಿಕ್ಕಿತು. 2008ರಲ್ಲಿ ಸ್ಟೇಪಲ್ಟನ್ ತಂಡ ಆಸ್ಟ್ರೇಲಿಯಾದಲ್ಲಿ ಮತ್ತೆ ಎಣಿಸಿತು. 10,000ಕ್ಕೆ, ಹಳೇ ಸಾಫ್ಟ್ ಲೆನ್ಸಿನಲ್ಲಿ ಮಲಗುವವರಿಗೆ 19.5, ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಮಲಗುವವರಿಗೆ 25.4. ಹಗಲು ಮಾತ್ರ ಹಳೇ ಸಾಫ್ಟ್ ಲೆನ್ಸ್ ಹಾಕುವವರಿಗೆ 1.9.

ಅಂದರೆ ಊತ ಹೋಯಿತು, ಕಾರ್ನಿಯಾದ ಅಂಚಿನ ಕೆಂಪು ಹೋಯಿತು, ಅಲ್ಸರ್ ಹೋಗಲಿಲ್ಲ. ಮುಚ್ಚಿದ ಕಣ್ಣಿನಲ್ಲಿ ಕಣ್ಣೀರು ಹರಿಯುವುದಿಲ್ಲ, ರೆಪ್ಪೆ ಒರೆಸುವುದಿಲ್ಲ, ಲೆನ್ಸಿನ ಹಿಂದೆ ಸತ್ತ ಕೋಶ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೇ ಸಿಕ್ಕಿಬಿದ್ದಿರುತ್ತವೆ. ಲೆನ್ಸಿಗೆ ಅಂಟಿದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇಡೀ ರಾತ್ರಿ ಸಮಯ. ಯಾವ ಡಿಕೆಯೂ ಇದನ್ನು ತಡೆಯುವುದಿಲ್ಲ.

ರಾತ್ರಿ ಪಾಳಿಯವರಿಗೆ ಒಂದು ನೇರ ಪ್ರಶ್ನೆ: ಎಚ್ಚರ ಇರುವಾಗ ಬೇಕಾದ ಲೆನ್ಸ್ ಮಲಗುವಾಗ ಯಾಕೆ? ಹಗಲು ಮಲಗಿದರೂ ಮುಚ್ಚಿದ ಕಣ್ಣು ಮುಚ್ಚಿದ ಕಣ್ಣೇ. ಕೈ ನಡುಗುವ ವೃದ್ಧರು, ಪೊರೆ ತೆಗೆದ ಶಿಶುಗಳು, ಕಾರ್ನಿಯಾದ ಗಾಯಕ್ಕೆ ಪಟ್ಟಿಯಂತೆ ಹಾಕುವ ಬ್ಯಾಂಡೇಜ್ ಲೆನ್ಸ್ ಬೇಕಾದವರು, ಇವರಿಗೆ ಲಾಭ ಅಪಾಯವನ್ನು ಮೀರುತ್ತದೆ. ತೆಗೆಯೋದಕ್ಕೆ ಬೇಜಾರು ಅನ್ನುವುದು ಆ ಪಟ್ಟಿಗೆ ಸೇರುವುದಿಲ್ಲ.

ಸ್ಲಿಟ್‌ಲ್ಯಾಂಪ್

ಅಂಕಿಅಂಶ ಒಪ್ಪಿದೆ. ಆದರೂ ಬೇಡ ಅಂದ ಮಾತ್ರಕ್ಕೆ ಜನ ಮಲಗೋದು ಬಿಡಲ್ಲ. ನಿದ್ದೆಗೆ ಅನುಮತಿಯೇ ಇಲ್ಲದ ಲೆನ್ಸಿನಲ್ಲಿ ಗುಟ್ಟಾಗಿ ಮಲಗೋದಕ್ಕಿಂತ, ಸರಿಯಾದ ವಸ್ತು ಹಾಕಿಸಿಕೊಂಡು ತಪಾಸಣೆಗೆ ಬರೋದು ವಾಸಿ.

ಕ್ರಮ ಹೀಗೆ: ಮೊದಲ ಒಂದೆರಡು ವಾರ ಎಚ್ಚರ ಇರೋ ಹೊತ್ತಲ್ಲಿ ಮಾತ್ರ. ಎಲ್ಲ ಸರಿ ಇದ್ದರೆ ಒಂದು ರಾತ್ರಿ ಮಲಗಿ, ಎದ್ದ ಕೆಲವೇ ಗಂಟೆಯೊಳಗೆ ಲೆನ್ಸ್ ಕಣ್ಣಲ್ಲಿ ಇರುವಾಗಲೇ ತೋರಿಸಿ. ಸಂಜೆ ಹೋದರೆ ಊತ ಇಳಿದಿರುತ್ತೆ, ನೋಡಿ ಪ್ರಯೋಜನ ಇಲ್ಲ. ಆಮೇಲೆ ವಾರಕ್ಕೆ, ತಿಂಗಳಿಗೆ, ನಂತರ ಮೂರು ತಿಂಗಳಿಗೊಮ್ಮೆ. ಬಯೋಫಿನಿಟಿ, ಒಯಾಸಿಸ್ ಎರಡಕ್ಕೂ ಅಮೆರಿಕದ ಅನುಮತಿ 6 ರಾತ್ರಿ, 7 ದಿನ. ಏಳನೇ ರಾತ್ರಿ ಲೆನ್ಸ್ ಇಲ್ಲದೆ ಕಣ್ಣಿಗೆ ರಜೆ. ಒಯಾಸಿಸ್ ಹಾಗೆ ಬಳಸಿದರೆ ತೆಗೆದ ಮೇಲೆ ಬಿಸಾಡಬೇಕು, ತೊಳೆದು ಮತ್ತೆ ಹಾಕೋ ಹಾಗಿಲ್ಲ.

ಬೆಳಗ್ಗೆ ಎದ್ದಾಗ ಲೆನ್ಸ್ ಅಂಟಿಕೊಂಡಿರುತ್ತೆ. ಚಿವುಟಿ ಕೀಳಬೇಡಿ, ಕಾರ್ನಿಯಾದ ಮೇಲ್ಪದರವೂ ಜೊತೆಗೆ ಬರುತ್ತೆ. ಲೆನ್ಸ್ ಮೇಲೆ ಹಾಕಬಹುದಾದ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಎರಡು ಹನಿ ಹಾಕಿ, ಐದ್ಹತ್ತು ನಿಮಿಷ ರೆಪ್ಪೆ ಬಡಿಯಿರಿ. ಮೇಲೆ ನೋಡುತ್ತಾ ಕೆಳರೆಪ್ಪೆಯಿಂದ ಲೆನ್ಸಿನ ಅಂಚನ್ನು ಮೆಲ್ಲಗೆ ಒತ್ತಿ. ಜಾರಿತು ಅಂದ್ರೆ ಸರಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡಿ: ದೃಷ್ಟಿ ನಿನ್ನೆಯಷ್ಟೇ ಸ್ಪಷ್ಟ ಇದೆಯಾ, ಬಿಳಿಗುಡ್ಡೆ ಕೆಂಪಾಗಿದೆಯಾ, ಚುಚ್ಚುತ್ತಾ. ಮೂರರಲ್ಲಿ ಒಂದು ಏರುಪೇರಾದರೂ ತೆಗೆದುಬಿಡಿ.

ಹುಬ್ಬಳ್ಳಿ ಚಾಳೀಸು

ತೆಗದ ದಿನ ತೊಳಿಯೂದು ಹ್ಯಾಂಗ್ರಿ? ನಮ್ಮ ಕಡೆ ಬೋರ್ ನೀರು. ಕುದಿಸಿ ಆರಿಸಿದ್ರ ನಡೀತದೇನು?

ಕಲ್ಚರ್ ಪ್ಲೇಟ್

ಬೋರ್, ನಲ್ಲಿ, ಫಿಲ್ಟರ್, ಕುದಿಸಿ ಆರಿಸಿದ್ದು, ಯಾವುದೂ ಬೇಡ. ಓವರ್‌ಹೆಡ್ ಟ್ಯಾಂಕಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು, ಅದರ ಗಟ್ಟಿ ಕವಚ ಕಟ್ಟಿಕೊಂಡ ರೂಪ ಕ್ಲೋರಿನ್‌ಗೂ ಬಗ್ಗುವುದಿಲ್ಲ. ಕುದಿಸಿದಾಗ ಸತ್ತರೂ ಆರಿಸಿದ ಪಾತ್ರೆ, ಮುಚ್ಚಳ, ಗಾಳಿ ಯಾವುದೂ ಶುದ್ಧವಲ್ಲ. ಸ್ನಾನ, ಈಜು ಎರಡಕ್ಕೂ ಮೊದಲು ಲೆನ್ಸ್ ತೆಗೆಯಿರಿ. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಯೇ ಲೆನ್ಸ್ ಮುಟ್ಟಬೇಕು, ಒದ್ದೆ ಬೆರಳೂ ನಲ್ಲಿ ನೀರೇ.

ಸ್ಲಿಟ್‌ಲ್ಯಾಂಪ್

ಸಿಲಿಕೋನ್ ಲೆನ್ಸಿಗೆ ಹತ್ತೋದು ಮುಖ್ಯವಾಗಿ ಜಿಡ್ಡು, ಹಳೇ ಅಯಾನಿಕ್ (ವಿದ್ಯುದಾವೇಶ ಇರೋ) ಜೆಲ್‌ಗೆ ಪ್ರೋಟೀನ್. ಜಿಡ್ಡು ನೆನೆಸಿಟ್ಟ ಮಾತ್ರಕ್ಕೆ ಹೋಗಲ್ಲ. ಬಾಟಲಿ ಮೇಲೆ 'ಉಜ್ಜಬೇಕಿಲ್ಲ' ಅಂತಿದ್ದರೂ ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಎರಡೂ ಬದಿ ಸುಮಾರು 20 ಸೆಕೆಂಡ್ ಉಜ್ಜಿ, ಮತ್ತೆ ಸೊಲ್ಯೂಷನ್ನಿನಲ್ಲೇ ತೊಳೆಯಿರಿ. ಡಬ್ಬಿಯಲ್ಲಿ ಉಳಿದ ಹಳೇದಕ್ಕೆ ಹೊಸದು ಸೇರಿಸಬೇಡಿ. ಕಾಡಿಗೆ, ಮುಖದ ಕ್ರೀಮ್ ಎಲ್ಲ ಲೆನ್ಸ್ ಹಾಕಿದ ಮೇಲೆ.

ಕಣ್ಣು ಉರಿಯೋರಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು. ಜೊತೆಗೆ ಬರೋ ಉದ್ದನೆ ಡಬ್ಬಿಯ ತಳದಲ್ಲಿ ಪ್ಲಾಟಿನಂ ಬಿಲ್ಲೆ ಇರುತ್ತೆ, ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕ ಮಾಡುತ್ತೆ, ಕನಿಷ್ಠ 6 ಗಂಟೆ ಬೇಕು. ಮಾಮೂಲಿ ಚಪ್ಪಟೆ ಡಬ್ಬಿಗೆ ಹಾಕಿದರೆ ಹಾಗೇ ಉಳಿಯುತ್ತೆ, ಬೆಳಗ್ಗೆ ಕಣ್ಣು ಸುಟ್ಟುಹೋದ ಹಾಗಾಗುತ್ತೆ. ಹೊಸ ಬಾಟಲಿ ಜೊತೆ ಬರೋ ಹೊಸ ಡಬ್ಬಿಯನ್ನೇ ಬಳಸಿ, ಬಿಲ್ಲೆಯ ಶಕ್ತಿ ಕುಂದುತ್ತಾ ಹೋಗುತ್ತೆ.

ಕಲ್ಚರ್ ಪ್ಲೇಟ್

ಇನ್ನೊಂದು ಸೇರಿಸಿಕೊಳ್ಳಿ. ಲೆನ್ಸ್ ತೆಗೆದ ಮೇಲೂ ನೋವು ಏರುತ್ತಲೇ ಇದ್ದರೆ, ಬೆಳಕು ನೋಡಲು ಆಗದಿದ್ದರೆ, ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕಿ ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ. ಮೆಡಿಕಲ್ ಶಾಪಿನಲ್ಲಿ 'ಕೆಂಗಣ್ಣಿಗೆ' ಎಂದು ಕೊಡುವ ಡ್ರಾಪ್ಸ್ ಬೇಡವೇ ಬೇಡ, ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿದು ವಾಸಿಯಾದಂತೆ ಅನಿಸುತ್ತದೆ, ಒಳಗೆ ಅಲ್ಸರ್ ಆಳವಾಗುತ್ತದೆ. ಲೆನ್ಸ್ ಬಿಸಾಡಬೇಡಿ, ಡಬ್ಬಿ ತೊಳೆಯಬೇಡಿ, ಎರಡನ್ನೂ ಇದ್ದ ಹಾಗೇ ತನ್ನಿ. ಕಾರ್ನಿಯಾದಿಂದ ಕೆರೆದು ತೆಗೆದದ್ದರಲ್ಲಿ ಏನೂ ಬೆಳೆಯದಿದ್ದಾಗ ಎಷ್ಟೋ ಸಲ ಸುಳಿವು ಸಿಗುವುದು ಆ ಡಬ್ಬಿಯಲ್ಲೇ.

ಮೈನಸ್ ಐದೂವರೆ

ಅರ್ಥ ಆಯ್ತು. ಬಯೋಫಿನಿಟಿ ಟ್ರಯಲ್ ಕೇಳ್ತೀನಿ, ಮಲಗುವಾಗ ತೆಗೀತೀನಿ. ಪಾಳಿ ನಡುವೆ ಕುರ್ಚಿಯಲ್ಲೇ ಅರ್ಧ ಗಂಟೆ ತೂಕಡಿಸಿದರೆ?

ಸ್ಲಿಟ್‌ಲ್ಯಾಂಪ್

ಈ ವಸ್ತುವಿನಲ್ಲಿ ಅಷ್ಟಕ್ಕೆ ಊತದ ಭಯ ಇಲ್ಲ. ಎದ್ದ ಮೇಲೆ ಎರಡು ಹನಿ ಹಾಕಿ, ಲೆನ್ಸ್ ಜಾರುತ್ತಾ ನೋಡಿಕೊಂಡು ಕೆಲಸ ಮುಂದುವರಿಸಿ. ಬ್ಯಾಗಿನಲ್ಲಿ ಕನ್ನಡಕ, ಡಬ್ಬಿ, ಸಣ್ಣ ಬಾಟಲಿ ಸೊಲ್ಯೂಷನ್ ಇರಲಿ. ಎಸಿ ಗಾಳಿ ನೇರ ಮುಖಕ್ಕೆ ಬರದ ಕಡೆ ಕೂರಿ. ಟ್ರಯಲ್‌ಗೆ ಹೋದಾಗ ಹಾಕಿದ ತಕ್ಷಣ ನೋಡಿ ಕಳಿಸಿದರೆ ಒಪ್ಪಬೇಡಿ, 15-20 ನಿಮಿಷ ಕೂತು ಲೆನ್ಸ್ ನೆಲೆಯಾದ ಮೇಲೆ ಮತ್ತೊಮ್ಮೆ ನೋಡಲು ಹೇಳಿ.